ಬಲಗಡೆಯ ಸ್ಪೀಕರ್

ನನ್ನ ಬಲಗಿವಿ ಹೋಗಿದೆ ಎಂದು ನನಗೆ ಮೊದಲು ತಿಳಿಸಿದ್ದು ಒಂದು ಕಾರ್ ಸ್ಟೀರಿಯೊ. ಡಾಕ್ಟರು ಆಮೇಲೆ ಅದಕ್ಕೊಂದು ಚೀಟಿ ಬರೆದುಕೊಟ್ಟರು, ಅಷ್ಟೆ. ಆಗ ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗಿಬರುವ ಸರ್ಕಾರಿ ಬಸ್ಸಿನ ಡ್ರೈವರ್. ರಿಟೈರ್ ಆಗಲು ಇನ್ನೂ ಆರು ವರ್ಷವಿತ್ತು. ಕಿವಿ ಕೇಳದವನ ಕೈಗೆ ಯಾರೂ ಬಸ್ಸು ಕೊಡುವುದಿಲ್ಲ. ನನಗೆ ಬಸ್ಸು ಓಡಿಸುವುದು ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಯಾವ ಕಸುಬೂ ಗೊತ್ತಿರಲಿಲ್ಲ.

ಕಾರನ್ನು ಹಂಗಳದ ಒಬ್ಬ ಮೇಷ್ಟ್ರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದೆ. ಮೇಷ್ಟ್ರು ಶಿಸ್ತಿನ ಮನುಷ್ಯ. ಕೊಡುವ ಮುಂಚೆ ಸ್ಟೀರಿಯೊ ಬಿಚ್ಚಿಕೊಂಡು, ಆ ಜಾಗಕ್ಕೆ ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಅಳತೆಗೆ ಕತ್ತರಿಸಿ ಕೂರಿಸಿದ್ದರು. ಮುಂದಿನ ಎರಡು ಬಾಗಿಲುಗಳೊಳಗಿದ್ದ ಸ್ಪೀಕರುಗಳನ್ನು ಮಾತ್ರ ಬಿಟ್ಟಿದ್ದರು, ಬಹುಶಃ ಬಿಚ್ಚಲು ಬಾರದೆ. ಆ ರಟ್ಟು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೊಸ ಸ್ಟೀರಿಯೊ ತರುತ್ತೇನೆಂದಾಗ ಹೆಂಡತಿಗೆ ಇಷ್ಟವಾಗಲಿಲ್ಲ. "ಅದ್ಯಾಕೆ ಬೇಕು? ಕಾರಲ್ಲಿ ಮಾತಾಡ್ಕಂಡು ಓಗದು ಸಾಲ್ದಾ?" ಎಂದಳು. ದಿನವಿಡೀ ಬಸ್ಸಿನ ಗದ್ದಲ ಕೇಳುವವನಿಗೆ ಒಂದು ಹಾಡು ಕೇಳುವ ಯೋಗವೂ ಇಲ್ಲವೇ ಎಂದು ನಾನು ರೇಗಿದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಗೆದ್ದೆನೆಂದೇ ಲೆಕ್ಕ ಹಾಕುತ್ತಿದ್ದ ಕಾಲ ಅದು.

ಚಾಮರಾಜನಗರದ ಅಂಗಡಿಯ ಸಾಹೇಬರು, ಅರ್ಧ ಗಂಟೆ ಕೂತರೆ ತಾವೇ ಹಾಕಿಕೊಡುವುದಾಗಿ ಹೇಳಿದರು. ನಾನು ಬೇಡವೆಂದೆ. ದಾರಿ ಮಧ್ಯೆ ಕೆಟ್ಟು ನಿಂತ ಬಸ್ಸನ್ನೇ ಎಷ್ಟೋ ಸಲ ಹೊರಡಿಸಿದವನು ನಾಲ್ಕು ವೈರು ಕೂಡಿಸಲಾರನೇ ಎಂಬ ಜಂಬ. ಅವರು ನಕ್ಕು, ಡಬ್ಬದ ಮೇಲಿದ್ದ ಚಿತ್ರ ತೋರಿಸಿ, ಯಾವ ಬಣ್ಣ ಯಾವುದಕ್ಕೆ ಎಂದು ಒಂದು ಸಲ ಹೇಳಿ ಕಳಿಸಿದರು.

ವಾರದ ರಜೆಯ ದಿನ ಮನೆಯೆದುರಿನ ಹೊಂಗೆ ಮರದ ನೆರಳಿಗೆ ಕಾರು ನಿಲ್ಲಿಸಿಕೊಂಡೆ. ಮೊದಲು ಬ್ಯಾಟರಿಯ ಒಂದು ವೈರು ಕಳಚಿದೆ. ಹಳದಿ ಸದಾ ಕರೆಂಟು ಇರುವ ವೈರಿಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ, ಕಪ್ಪು ವೈರು ಕಾರಿನ ಲೋಹದ ಮೈಗೆ. ಬಿಳಿ ಜೋಡಿ ಎಡಗಡೆಯ ಸ್ಪೀಕರಿಗೆ, ಬೂದು ಬಣ್ಣದ ಜೋಡಿ ಬಲಗಡೆಯದಕ್ಕೆ. ಸೀಟಿನ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ಹಲ್ಲಿನಿಂದ ವೈರಿನ ತುದಿ ಸುಲಿದು, ಹುರಿ ಮಾಡಿ ಟೇಪು ಸುತ್ತಿದೆ. ಬ್ಯಾಟರಿಗೆ ವೈರು ಸಿಕ್ಕಿಸಿ ಕೀ ತಿರುಗಿಸಿದರೆ ನೀಲಿ ದೀಪ ಹತ್ತಿ ಹಾಡು ಬಂತು. ಬೀದಿಯಲ್ಲಿ ಯಾರಾದರೂ ಹೋಗುತ್ತಿದ್ದಾರೆಯೇ ಎಂದು ನೋಡಿದೆ, ಯಾರೂ ಇರಲಿಲ್ಲ.

ಸ್ಟೀರಿಯೊದಲ್ಲಿ ಬ್ಯಾಲೆನ್ಸ್ ಎಂದೊಂದು ಇರುತ್ತದೆ. ಎಡಕ್ಕೆ ತಿರುಗಿಸಿದರೆ ಹಾಡು ಪೂರ್ತಿ ಎಡಗಡೆಯಿಂದ ಬರಬೇಕು, ಬಲಕ್ಕೆ ತಿರುಗಿಸಿದರೆ ಬಲಗಡೆಯಿಂದ. ಡ್ರೈವರ್ ಸೀಟಿನಲ್ಲಿ ಕೂತು ಎಡಕ್ಕೆ ತಿರುಗಿಸಿದೆ, ಸರಿಯಾಗಿತ್ತು. ಬಲಕ್ಕೆ ತಿರುಗಿಸಿದೆ. ಹಾಡು ಸ್ವಲ್ಪ ಸಣ್ಣಗಾಯಿತು, ಆದರೆ ಬಂದದ್ದು ಎಡಗಡೆಯಿಂದಲೇ.

ವೈರು ಅದಲುಬದಲಾಗಿರಬೇಕೆಂದು ಮತ್ತೆ ಎಲ್ಲ ಬಿಚ್ಚಿದೆ. ಬಿಳಿ ಇದ್ದಲ್ಲಿಗೆ ಬೂದು, ಬೂದು ಇದ್ದಲ್ಲಿಗೆ ಬಿಳಿ ಹಾಕಿದೆ. ಆಗಲೂ ಎಡವೇ. ಬಲಗಡೆಯ ಸ್ಪೀಕರೇ ಸತ್ತಿದೆಯೆಂದು ಬಾಗಿಲಿನ ಒಳಹಲಗೆ ಕಿತ್ತು, ಎರಡು ಕ್ಲಿಪ್ಪು ಮುರಿದು, ಟಾರ್ಚಿನ ಸೆಲ್ಲಿನಿಂದ ಸ್ಪೀಕರಿಗೆ ಕರೆಂಟು ಮುಟ್ಟಿಸಿ ಎದುರಿಗೆ ಬಗ್ಗಿ ಕೇಳಿದೆ. ಚಟ್ ಎಂದು ಚೆನ್ನಾಗಿಯೇ ಸದ್ದು ಮಾಡಿತು. ಹಲಗೆ ಮುಚ್ಚಿ, ವೈರುಗಳನ್ನು ಮೊದಲಿನಂತೆಯೇ ಕೂಡಿಸಿ ಸೀಟಿನಲ್ಲಿ ಕೂತರೆ ಮತ್ತೆ ಅದೇ ಕತೆ. ಹನ್ನೆರಡು ಗಂಟೆಯ ಹೊತ್ತಿಗೆ ಅಂಗಡಿಯ ಸಾಹೇಬರು, ಹಂಗಳದ ಮೇಷ್ಟ್ರು, ಸ್ಟೀರಿಯೊ ಮಾಡಿದ ಕಾರ್ಖಾನೆಯವರು, ಎಲ್ಲರನ್ನೂ ಮನಸ್ಸಿನಲ್ಲಿ ಬೈದು ಮುಗಿಸಿದ್ದೆ.

ಊಟಕ್ಕೆ ಕರೆಯಲು ಹೆಂಡತಿ ಬಂದಳು. "ನೀನೊಸಿ ಕೂತ್ಕಂಡು ಕೇಳು, ಯಾವ ಕಡೆಯಿಂದ ಬತ್ತದೆ ಹೇಳು" ಎಂದು ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ಆ ಕಡೆಯ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸ್ಟೀರಿಂಗಿಗೆ ಕೈ ತಾಗದಂತೆ ಸೆರಗು ಹಿಡಿದುಕೊಂಡು ಕೂತಳು. ಬ್ಯಾಲೆನ್ಸನ್ನು ಬಲಕ್ಕೆ ತಿರುಗಿಸಿದೆ.

"ಇಲ್ಲಿಂದ ಬತ್ತಾ ಐತಲ್ಲ" ಎಂದು ಬಲಗಡೆಯ ಬಾಗಿಲು ಮುಟ್ಟಿ ತೋರಿಸಿದಳು.

ಎಡಕ್ಕೆ ತಿರುಗಿಸಿದೆ. ಆ ಬಾಗಿಲು ತೋರಿಸಿದಳು. ಮತ್ತೆ ಬಲಕ್ಕೆ ತಿರುಗಿಸಿದೆ. ಮತ್ತೆ ಬಲ.

ಅವಳನ್ನು ಇಳಿಸಿ ನಾನು ಕೂತೆ. ಎಡಗಿವಿಗೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿಕೊಂಡೆ. ಹಾಡು ನಿಂತುಹೋಯಿತು. ಬೆರಳು ತೆಗೆದೆ, ಹಾಡಿತ್ತು. ಮತ್ತೆ ಇಟ್ಟೆ, ಇರಲಿಲ್ಲ. ಸ್ಟೀರಿಯೊ ಆರಿಸಿ ಕೀ ಕೈಗೆ ತೆಗೆದುಕೊಂಡೆ.

"ವೈರೆಲ್ಲ ಸರಿಯಾಗದೆ. ನನ್ ಬಲಗಿವಿ ಕೇಳ್ತಾ ಇಲ್ಲ" ಎಂದೆ.

ಅವಳ ಮುಖ ಅರಳಿತು. ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. "ಅಂಗಾರೆ ನೀವು ಬೇಕೂಂತ ಸುಮ್ನಿರ್ತಿರ್ನಿಲ್ವಾ?" ಎಂದಳು.

ಮಲಗುವಾಗ ಅವಳು ನನ್ನ ಬಲಕ್ಕೆ. ಊಟಕ್ಕೆ ಕೂತಾಗಲೂ ಅಡುಗೆಮನೆಯ ಬಾಗಿಲು ನನ್ನ ಬಲಕ್ಕೇ. ವರ್ಷಕ್ಕೂ ಮೇಲಿಂದ ಅವಳು ಹೇಳಿದ್ದಕ್ಕೆ ಅರ್ಧಕ್ಕರ್ಧ ನಾನು ಉತ್ತರ ಕೊಟ್ಟಿರಲಿಲ್ಲವಂತೆ. ಕುದೇರಿನ ಅಕ್ಕನ ಹತ್ತಿರ, ಇವರಿಗೆ ನಾನು ಬೇಜಾರಾಗಿಬುಟ್ಟೆ ಎಂದು ಅತ್ತೂ ಬಂದಿದ್ದಳಂತೆ. "ಕಾರಲ್ಲಿ ಕೂತ್ರೆ ಮಾತ್ರ ಮಾತಾಡ್ತಿದ್ರಿ. ಅದುಕ್ಕೂ ಪೆಟ್ಟಿಗೆ ತಂದು ಹಾಡು ಆಕ್ಬುಟ್ರೆ ಅದೂ ಓಯ್ತದೆ ಅನ್ಕಂಡಿದ್ದೆ" ಎಂದು ಕಣ್ಣೊರೆಸಿಕೊಂಡಳು. ಕಾರಿನಲ್ಲಿ ಅವಳು ಕೂರುತ್ತಿದ್ದದ್ದು ನನ್ನ ಎಡಕ್ಕೆ.

ನನಗೆ ಸಿಟ್ಟು ಬಂತು. "ನನ್ ಕೆಲ್ಸಕ್ಕೇ ಸಂಚಕಾರ ಬಂದದೆ, ನಿಂಗೆ ಖುಷಿನಾ?" ಎಂದು ಕೂಗಿದೆ. ಅವಳು ಹೆದರಲಿಲ್ಲ. ಸುತ್ತಿ ನನ್ನ ಎಡಗಡೆಗೆ ಬಂದು, "ಅದುಕ್ಕೆ ಖುಷಿ ಇಲ್ಲ ಕಣ್ರೀ. ಬನ್ನಿ, ಉಣ್ಣಿ" ಎಂದಳು.

ಉಣ್ಣಲು ಆಗಲಿಲ್ಲ. ಮರುದಿನ ಬೆಳಗ್ಗೆ ಆರೂವರೆಗೆ ಡ್ಯೂಟಿ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ತಟ್ಟೆಯ ಮುಂದೆಯೇ ಬಂತು. ಕಂಡಕ್ಟರ್ 'ರೈಟ್' ಎನ್ನುವುದು ಎಡಗಡೆಯಿಂದ, ಅದು ಕೇಳುತ್ತದೆ. ಕನ್ನಡಿ ಇದೆ. ಕಣ್ಣು ಚೆನ್ನಾಗಿವೆ. ಆರು ವರ್ಷ ಹೇಗೋ ತಳ್ಳಬಹುದು.

ಆಗ ಆ ಬೈಕು ನೆನಪಾಯಿತು. ಒಂದು ತಿಂಗಳ ಹಿಂದೆ ತೆರಕಣಾಂಬಿ ಹತ್ತಿರ, ಚೆಂಡುಹೂವಿನ ಮೂಟೆ ಹೇರಿದ್ದ ಟ್ರ್ಯಾಕ್ಟರನ್ನು ದಾಟಲು ಬಸ್ಸನ್ನು ಬಲಕ್ಕೆ ಎಳೆದಿದ್ದೆ. ಅದೇ ಹೊತ್ತಿಗೆ ನನ್ನನ್ನು ದಾಟುತ್ತಿದ್ದ ಒಂದು ಬೈಕು ರಸ್ತೆ ಬಿಟ್ಟು ಮಣ್ಣಿಗಿಳಿದಿತ್ತು. ಓಡಿಸುತ್ತಿದ್ದವನ ಹಿಂದೆ ಅವನ ಹೆಂಡತಿ, ನಡುವೆ ಮಗು. ಬೀಳಲಿಲ್ಲ, ಅದು ಅವನ ಪುಣ್ಯವೋ ನನ್ನದೋ. ತೆರಕಣಾಂಬಿ ಸ್ಟಾಪಿನಲ್ಲಿ ಅವನು ಬಸ್ಸಿಗೆ ಅಡ್ಡ ನಿಂತು, "ಅಷ್ಟೊತ್ತಿಂದ ಆರನ್ ಒಡೀತಾ ಇದೀನಿ, ಕಿವಿ ಕೇಳಕಿಲ್ವಾ ನಿಂಗೆ?" ಎಂದು ಕೇಳಿದ್ದ. ಹಾರ್ನು ಹೊಡೆಯದೆಯೇ ಸುಳ್ಳು ಹೇಳುತ್ತಾನೆಂದು ಜನರೆದುರಿಗೆ ಅವನ ಮಾನ ತೆಗೆದು ಕಳಿಸಿದ್ದೆ. ಕಂಡಕ್ಟರೂ ನನ್ನ ಪರವೇ ಮಾತಾಡಿದ್ದ.

ತಟ್ಟೆ ಪಕ್ಕಕ್ಕಿಟ್ಟು ಒಂದು ಹಾಳೆಯಲ್ಲಿ ಅರ್ಜಿ ಬರೆದೆ. ನಾಲ್ಕು ಸಾಲು, ಅದರಲ್ಲಿ ಎರಡು ಸಲ ಚಿತ್ತು. ಡಿಪೋಗೆ ನಡೆದುಕೊಂಡೇ ಹೋದೆ. ಮ್ಯಾನೇಜರು ನನಗಿಂತ ಬಹಳ ಚಿಕ್ಕವರು. ಅರ್ಜಿಯನ್ನು ಎರಡು ಸಲ ಓದಿ, "ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?" ಎಂದು ಕೇಳಿದರು.

"ಇಲ್ಲ ಸಾರ್."

"ಆಕ್ಸಿಡೆಂಟ್ ಏನಾದ್ರೂ ಆಗಿದ್ಯಾ?"

"ಇನ್ನೂ ಆಗಿಲ್ಲ ಸಾರ್."

ಅವರು ಮರುದಿನದ ಡ್ಯೂಟಿ ಪಟ್ಟಿ ಎಳೆದುಕೊಂಡು, ಆರೂವರೆ ಬಸ್ಸಿನ ಎದುರಿದ್ದ ನನ್ನ ಹೆಸರಿನ ಮೇಲೆ ಒಂದು ಗೆರೆ ಹಾಕಿ, ಪಕ್ಕದಲ್ಲಿ ಇನ್ನೊಬ್ಬನ ಹೆಸರು ಬರೆದರು. ಮೇಜಿನ ಈ ಕಡೆ ನಿಂತು ಅದನ್ನು ಪೂರ್ತಿ ನೋಡಿದೆ. ಅವರು ಬರೆದು ಮುಗಿಸಿದರು. ನಾನು ಅರ್ಜಿ ವಾಪಸ್ ಕೇಳಲಿಲ್ಲ.