ಪೈಪಿನ ಮೇಲಿನ ಮಿಂಚುಳ್ಳಿ

ಹಕ್ಕಿಯ ಚಿತ್ರದಲ್ಲಿ ಮನುಷ್ಯರ ಸುಳಿವೂ ಇರಬಾರದು ಅಂತ ನಾನು ನಂಬಿದ್ದ ಕಾಲ ಅದು. ಮಾಚೇನಹಳ್ಳಿಯ ಲೇತ್ ವರ್ಕ್‌ಶಾಪೊಂದರ ಹಿಂದಿನ ಹೊಂಡದಲ್ಲಿ, ತುಕ್ಕು ಹಿಡಿದ ಪೈಪಿನ ಮೇಲೆ ದಿನಾ ಒಂದು ಮಿಂಚುಳ್ಳಿ ಕೂರುತ್ತಿತ್ತು. ಒಂದು ಬೆಳಿಗ್ಗೆ ಒಣಕೊಂಬೆ ಹಿಡಿದು ಹೋಗಿ ಮಾಲೀಕರಾದ ರಹೀಂ ಸಾಹೇಬರನ್ನು ಕೇಳಿದೆ. "ಈ ಪೈಪ್ ತೆಗೆದು ಕೊಂಬೆ ನೆಡ್ಲಾ? ಫೋಟೋ ಚೆನ್ನಾಗಿ ಬರುತ್ತೆ."

ಅವರು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನಕ್ಕರು. "ಗುಜರಿಯವನು ಎಷ್ಟು ಸಲ ಕೇಳಿದ್ರೂ ಅದನ್ನ ಕೊಟ್ಟಿಲ್ಲ ಮಾರಾಯ್ರೇ. ಹಕ್ಕಿ ಕೂತ್ಕೊಳ್ಳೋ ಜಾಗ ಅಲ್ವಾ ಅದು?"

ನನಗೆ ನಾಚಿಕೆಯಾಯಿತು. ಕೊಂಬೆ ಬಿಸಾಕಿ, ಪೈಪು, ವರ್ಕ್‌ಶಾಪಿನ ಕಿಟಕಿ, ಅದರಾಚೆ ಕೆಲಸಕ್ಕೆ ಬಗ್ಗಿದ್ದ ಸಾಹೇಬರು, ಎಲ್ಲವನ್ನೂ ಸೇರಿಸಿಯೇ ಮಿಂಚುಳ್ಳಿಯ ಫೋಟೋ ತೆಗೆದೆ. ಆಮೇಲೆ ಅದೇ ನನ್ನ ರೀತಿಯಾಯಿತು.

ಪ್ರಿಂಟ್ ಕೊಟ್ಟಾಗ ಸಾಹೇಬರು ಬಹಳ ಹೊತ್ತು ನೋಡಿ, "ಮೊದ್ಲೇ ಹೇಳಿದ್ರೆ ಒಳ್ಳೇ ಶರ್ಟ್ ಹಾಕ್ಕೊಂಡಿರ್ತಿದ್ದೆ" ಅಂತ ಬೇಸರ ಮಾಡಿಕೊಂಡರು.