ತುಳಸಕ್ಕನ ಎದೆ ಪರೀಕ್ಷೆ

ಹೆಸರು ತುಳಸಕ್ಕ, ಕಸುಬು ಕುರಿ ಕಡಿಯುವುದು. ಅರಸೀಕೆರೆಯ ನಮ್ಮ ಬೀದಿಯ ಮೂಲೆಯಲ್ಲಿ ಅವಳ ಮಟನ್ ಅಂಗಡಿ. ಗಂಡನ ತಿಥಿ ಮುಗಿದ ಮಾರನೇ ವಾರವೇ ಮಚ್ಚು ಹಿಡಿದು ಕೂತವಳಂತೆ. ಎಂಥ ಮೂಳೆಗೂ ಒಂದೇ ಏಟು. ಮಾತು ಮಾತ್ರ ಯಾವಾಗಲೂ ಎರಡು ತುಂಡು: ಒಂದು ಕೇಳಿದವನಿಗೆ ಅಲ್ಲೇ ತಾಗುತ್ತಿತ್ತು, ಇನ್ನೊಂದು ಅವನು ಮನೆ ಸೇರಿದ ಮೇಲೆ.

ಒಂದು ಭಾನುವಾರ ಗಿರಾಕಿಯೊಬ್ಬ ಮಾಂಸ ತೋರಿಸುವ ನೆಪದಲ್ಲಿ ಅವಳ ಕೈ ಸವರಿದ. ಮಚ್ಚು ಇಳಿಯಿತು. ಅವನ ಅಂಗಿಯ ತೋಳು ದಿಮ್ಮಿಗೆ ಕಚ್ಚಿಕೊಂಡು ನಿಂತಿತು. ಬೆರಳು ಹೇಗೆ ಉಳಿದವೋ ಅವನ ದೇವರಿಗೇ ಗೊತ್ತು. “ಮೂಳೆ ಸಮೇತ ಬೇಕಾ, ಬರೀ ಮೆತ್ತಗಿರೋದು ಸಾಕಾ?” ಎಂದು ಕೇಳಿದಳು, ದಿನವೂ ಕೇಳುವ ದನಿಯಲ್ಲೇ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ಪಕ್ಕೆ ಹಿಡಿದುಕೊಂಡು ನಕ್ಕೆ. ನಗು ಹೆಚ್ಚಾಗಿ ಹಿಡಿದದ್ದಲ್ಲ, ಹಿಂದಿನ ದಿನ ಬಿದ್ದ ಒದೆಗೆ. ತುಳಸಕ್ಕ ಅದನ್ನು ನೋಡಿಬಿಟ್ಟಳು.

ನನ್ನ ಗಂಡ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಊರಿನಲ್ಲಿ ಒಳ್ಳೆಯ ಹೆಸರು. ಹೊಡೆಯುತ್ತಿದ್ದ, ಅಷ್ಟೇ. ಹಿತ್ತಿಲಲ್ಲಿ ತೆಂಗಿನ ಮಟ್ಟೆಗೆ ಬರವಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಬೆನ್ನಿಗೆ ಮಟ್ಟೆ, ತಿರುಗಿ ಮಾತಾಡಿದರೆ ಪಕ್ಕೆಗೆ ಕಾಲು. ಆಸ್ಪತ್ರೆಯ ಹೆಸರೆತ್ತಿದರೆ ಕೊಂದು ಕೆರೆಗೆ ಹಾಕುತ್ತೇನೆ ಎನ್ನುತ್ತಿದ್ದ. ಹಾಕುವವನೇ. ಕಾಲ ಕಳೆದಂತೆ ಎಲ್ಲವನ್ನೂ ಕ್ಷಮಿಸಬೇಕು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎರಡು ದಿನ ಬಿಟ್ಟು ತುಳಸಕ್ಕ ನಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಇನ್ನೂ ಒರೆಸದ ಮಚ್ಚು.

“ಎದೆ ಡವಡವ ಅಂತೈತೆ ಕಣಪ್ಪ. ತಿಂಗ್ಳು ತಿಂಗ್ಳೂ ಬಂದು ತೋರಿಸ್ಕೊಂಡು ಹೋಗು ಅಂದವ್ರೆ ಡಾಕ್ಟ್ರು. ನಂಗೆ ಓದಾಕೆ ಬರಾಕಿಲ್ಲ, ನಿನ್ನೆಂಡ್ರನ್ನ ಜೊತೆಗೆ ಕಳ್ಸು” ಎಂದಳು.

ನನ್ನ ಗಂಡ ಅವಳ ಮುಖ ನೋಡಲಿಲ್ಲ, ಮಚ್ಚು ನೋಡಿ ಹೂಂ ಎಂದ. ಹೆಂಗಸಿನ ಮೇಲೆ ಕೈ ಎತ್ತುವ ಧೈರ್ಯ ಅವನಿಗೆ ಬಾಗಿಲು ಹಾಕಿದ ಮೇಲಷ್ಟೇ ಬರುತ್ತಿತ್ತು.

ನರ್ಸಿಂಗ್ ಹೋಮಿನ ಡಾಕ್ಟರು ಚಿಕ್ಕ ವಯಸ್ಸಿನವರು, ಗಂಭೀರವಾಗಿರಲು ಬಹಳ ಕಷ್ಟಪಡುತ್ತಿದ್ದರು. “ನಿಮಗೆ ಕೊಬ್ಬು ಜಾಸ್ತಿಯಾಗಿದೆಯಮ್ಮ” ಎಂದರು.

“ಊರೆಲ್ಲ ಅದ್ನೇ ಅಂತೈತೆ ಸಾರ್. ನೀವು ರಕ್ತ ತೆಗ್ದು ಹೇಳಿದ್ರಿ, ಅವ್ರು ಮುಖ ನೋಡೇ ಹೇಳ್ತಾರೆ.”

ಹಾಸನಕ್ಕೆ ಹೋಗಿ ಎಕೋ ಮಾಡಿಸಿ ಎಂದರೆ “ಏಕೋ ಡಾಕ್ಟ್ರಪ್ಪ?” ಎಂದಳು. ನರ್ಸಮ್ಮ ಇಸಿಜಿಯ ರಬ್ಬರ್ ಬುರುಡೆಗಳನ್ನು ಎದೆಗೆ ಅಂಟಿಸುವಾಗ, “ಎಷ್ಟು ಎಳೆದ್ರೂ ಅಷ್ಟೇ ಕಣವ್ವ, ಹಾಲು ಬತ್ತಿ ಕಾಲವಾಯ್ತು” ಎಂದಳು. ನರ್ಸಮ್ಮ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು.

“ಎದೆ ಜೋರಾಗಿ ಹೊಡ್ಕೊಳ್ಳುತ್ತಾ?” ಡಾಕ್ಟರು ಕೇಳಿದರು.

“ನಂದು ತಾನೇ ಹೊಡ್ಕೊತೈತೆ ಸಾರ್. ಇವ್ಳದ್ದಕ್ಕೆ ಗಂಡ ಹೊಡೀತಾನೆ. ಮೊದ್ಲು ಇವ್ಳದ್ದು ನೋಡಿ.”

ಈ ಮಾತಿಗೆ ಯಾರೂ ನಗಲಿಲ್ಲ. ಅವಳೇ ವೈರುಗಳ ಸಮೇತ ಎದ್ದು ಕೂತು ನನ್ನ ಸೆರಗು ಸರಿಸಿದಳು. ಎಕ್ಸ್‌ರೇ ತೆಗೆದು ನೋಡಿದರೆ ಎಡಪಕ್ಕೆಯ ಒಂದು ಮೂಳೆ ಮುರಿದಿತ್ತು, ಇನ್ನೊಂದು ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಡಾಕ್ಟರು ಪಟ್ಟಿ ಸುತ್ತುವಾಗ ನಾನು ಅಳುತ್ತಿದ್ದೆ. ತುಳಸಕ್ಕ ಮಂಚದ ಮೇಲೆ ಕಾಲು ಅಲ್ಲಾಡಿಸುತ್ತ ನನ್ನ ಗಂಡನ ವಂಶವನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಳು. ನನ್ನ ಪರವಾಗಿ ಒಬ್ಬರು ಬೈದದ್ದು ಅದೇ ಮೊದಲು. ಆ ಬೈಗುಳ ಕೇಳುತ್ತ ಕೇಳುತ್ತ ನನಗೆ ಬದುಕುವ ಆಸೆ ಬಂತು.

ಆಮೇಲೆ ಪ್ರತಿ ತಿಂಗಳೂ ಅವಳ ಎದೆಗೆ ಎರಡು ನಿಮಿಷ, ಉಳಿದ ಹೊತ್ತೆಲ್ಲ ನನ್ನ ಮೈಗೆ.

ಕೊನೆಗೆ ಗಂಡನಿಗೆ ಅನುಮಾನ ಬಂತು. ಒಂದು ಮಧ್ಯಾಹ್ನ ನನ್ನ ಕುತ್ತಿಗೆ ಹಿಸುಕಿ, ತಲೆಯನ್ನು ಗೋಡೆಗೆ ಚಚ್ಚಿ, “ಅಲ್ಲಿ ಏನ್ ಹೇಳ್ತೀಯ? ಮುಂದಿನ ಸಲ ನಾನೂ ಬತ್ತೀನಿ” ಎಂದ. ಕಣ್ಣು ಕತ್ತಲಿಟ್ಟಿತ್ತು. ಇನ್ನೊಂದು ಸಲ ಹೀಗಾದರೆ ನಾನು ಉಳಿಯುವುದಿಲ್ಲ ಎಂದು ನನಗೂ ತಿಳಿಯಿತು, ಕುತ್ತಿಗೆಯ ಗುರುತು ನೋಡಿದ ತುಳಸಕ್ಕನಿಗೂ ತಿಳಿಯಿತು.

ಹೇಳಿದಂತೆ ಅವನು ಬಂದ. ಇಸಿಜಿ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಪರದೆಯ ಆಚೆ ಬೆಂಚಿನ ಮೇಲೆ ಕೂತು ಅವನು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಡಾಕ್ಟರು ಮಹಡಿಯಲ್ಲಿ ಹೆರಿಗೆಗೆ ಹೋಗಿದ್ದರು, ಕೋಣೆಯಲ್ಲಿ ನರ್ಸಮ್ಮ ಒಬ್ಬಳೇ ಇದ್ದಳು. ವೈರು ಅಂಟಿಸಿಕೊಂಡು ಮಲಗಿದ್ದ ತುಳಸಕ್ಕ ನನ್ನ ಕಿವಿ ಹಿಡಿದು ಬಗ್ಗಿಸಿದಳು.

“ಹಿಂದ್ಲ ಬಾಗ್ಲಲ್ಲಿ ಹೋಗಿ ಬೇಲೂರು ಬಸ್ ಹತ್ತು. ಬಿಕ್ಕೋಡು ಎಸ್ಟೇಟಲ್ಲಿ ನನ್ ತಮ್ಮ ಲೆಕ್ಕ ಬರ್ಯೋ ರೈಟರು. ಕೂಲಿಯೋರ ಮಕ್ಳನ್ನ ನೋಡ್ಕೊಳೋ ಕೆಲ್ಸ ನಿಂಗೆ ಮಾತಾಡಿಟ್ಟವ್ನೆ. ಚಪ್ಲಿ ಅಲ್ಲೇ ಇರ್ಲಿ, ಆ ನನ್ಮಗ ಕಾಯ್ತಿರೋದು ಅದ್ನೇ. ತಿರುಗಿ ಬಂದ್ಯೋ, ನಾನೇ ಕಡೀತೀನಿ.”

ನಾನು ಬರಿಗಾಲಲ್ಲಿ ಹಿಂದಿನ ಬಾಗಿಲು ದಾಟುವಾಗ ಅವಳು ನಾನು ಕೂತೆದ್ದ ಖಾಲಿ ಸ್ಟೂಲಿನ ಜೊತೆ ಜೋರಾಗಿ ಮಾತಾಡುತ್ತಿದ್ದಳು: “ನಗ್ಬ್ಯಾಡ್ವೇ ಗಿರಿಜಾ! ನೀನು ನಗ್ತಿದ್ರೆ ನಂಗೂ ನಗು ಬಂದು ವೈರು ಕಿತ್ಕೊಂಡು ಬತ್ತವೆ!” ಅವಳ ದನಿ ನಾನು ಕೇಳಿದ್ದು ಅದೇ ಕೊನೆ.

ವಾರದ ಮೇಲೆ ತಮ್ಮನ ಕೈಲಿ ಹೇಳಿಕಳಿಸಿದಳು: “ಅವ್ನು ಪರದೆ ಎತ್ತಿ ಒಳಗ್ ಬಂದ. ಸ್ಟೂಲ್ ತಗೊಂಡು ಬಾರಿಸ್ದೆ. ಎರಡು ಹಲ್ಲು ಉದುರಿದ್ವು. ಡಾಕ್ಟ್ರು ಪೊಲೀಸ್ನೋರ್ಗೆ ಹಿಡಿದುಕೊಟ್ರು. ನೀನು ಆರಾಮಾಗಿರು.” ಎಷ್ಟು ಖುಷಿಪಟ್ಟೆನೆಂದರೆ, ಆ ಎರಡು ಹಲ್ಲುಗಳನ್ನು ನೆನೆದು ತಿಂಗಳುಗಟ್ಟಲೆ ಒಬ್ಬಳೇ ನಗುತ್ತಿದ್ದೆ. ಎಸ್ಟೇಟಿನ ಹೆಂಗಸರಿಗೂ ಆ ಕತೆ ಹೇಳಿ ನಗಿಸುತ್ತಿದ್ದೆ. ಎರಡು ವರ್ಷದ ಮೇಲೆ ತುಳಸಕ್ಕನ ಎದೆ ನಿಜವಾಗಿಯೂ ಕೈಕೊಟ್ಟಿತು. ಅಂಗಡಿಯಲ್ಲಿ ಕೂತಲ್ಲೇ ಹೋದಳಂತೆ. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದೊಂದು ಬೇಸಿಗೆಯಲ್ಲಿ ಎಸ್ಟೇಟಿನ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಮನೆಯವರ ಜೊತೆ ಬುತ್ತಿ ಬಿಚ್ಚಿ ಕೂತಿದ್ದ ಆ ನರ್ಸಮ್ಮ ಸಿಕ್ಕಿದಳು. ಹಲ್ಲುದುರಿಸಿದ ಕತೆಯನ್ನು ನಾನು ಉತ್ಸಾಹದಿಂದ ಎತ್ತಿದೆ. ಅವಳು ತುತ್ತು ಕೆಳಗಿಟ್ಟಳು.

“ಯಾರು ಹೇಳಿದ್ರು ನಿಮ್ಗೆ? ಹಲ್ಲು ಉದುರಿದ್ದು ತುಳಸಕ್ಕಂದು. ನಿಮ್ಮ ಹಿಂದೆ ಓಡೋಕೆ ಹೋದ ಅವನ ಕಾಲನ್ನ ಮಂಚದಿಂದ ಬಿದ್ದು ತಬ್ಬಿಕೊಂಡ್ರು. ಅವನು ಇನ್ನೊಂದು ಕಾಲಲ್ಲಿ ಮುಖಕ್ಕೆ, ಎದೆಗೆ ಒದೀತಾನೇ ಇದ್ದ. ನಾನು ಕೂಗ್ದೆ. ಜನ ಬಂದು ಅವನನ್ನ ಹಿಡ್ಕೊಂಡ ಮೇಲೂ ಅವರು ಕಾಲು ಬಿಡಲಿಲ್ಲ ಕಣ್ರೀ. ಬಾಯ್ತುಂಬ ರಕ್ತ. ‘ಬೇಲೂರು ಬಸ್ ಹೋಯ್ತಾ, ನೋಡ್ಕೊಂಡ್ ಬಾ’ ಅಂದ್ರು. ನಾನು ರಸ್ತೆವರೆಗೂ ಓಡಿಹೋಗಿ ನೋಡ್ಕೊಂಡು ಬಂದು, ಹೋಯ್ತು ಅಂದೆ. ಆಮೇಲೆ ಬಿಟ್ರು.”