ಕೇಳದೆ ತೆಗೆದ ಚಾಕು

ಚಿತ್ರದುರ್ಗದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಹಿರಿಯೂರಿನ ಮನೆಗೆ ಬಂದ ಸಂಜೆ, ತಂದಿದ್ದ ಪೊಟ್ಟಣದ ಹುರಿ ಕತ್ತರಿಸಲೆಂದು ಬೀರುವಿನಿಂದ ನನ್ನ ಚಾಕುಗಳ ಡಬ್ಬಿ ತೆಗೆದೆ. ಕೆಂಪು ಹಿಡಿಯ ಚಾಕುವಿನ ದೊಡ್ಡ ಅಲಗನ್ನು ಬಿಚ್ಚಿದರೆ ಅರ್ಧವೇ ಬಂತು. ಮಿಕ್ಕರ್ಧ ಇರಲೇ ಇಲ್ಲ.

ಯಾರೋ ಮುರಿದಿದ್ದರು. ಮುರಿದು, ಒರೆಸಿ, ಮಡಚಿ, ಏನೂ ಆಗಿಲ್ಲವೆಂಬಂತೆ ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮುರಿದದ್ದಕ್ಕಿಂತ ಆ ಸುತ್ತಿಟ್ಟದ್ದು ನನ್ನ ಮೈ ಉರಿಸಿತು.

ಅಪ್ಪ ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಅವರ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. ಅದರಲ್ಲೇ ನಮಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದರು, ಮಾವಿನಹಣ್ಣು ಹೆಚ್ಚುತ್ತಿದ್ದರು, ಕೆಟ್ಟ ರೇಡಿಯೊ ಬಿಚ್ಚುತ್ತಿದ್ದರು. ನನ್ನ ಹುಚ್ಚು ಅಲ್ಲಿಂದ ಶುರುವಾದದ್ದು. ಸಂಬಳ ಬರತೊಡಗಿದ ಮೇಲೆ ಕಂಡಕಂಡಲ್ಲಿ ಕೊಂಡೆ. ರೈಲಿನಲ್ಲಿ ಮಾರುವವರ ಹತ್ತಿರ, ದುರ್ಗದ ಹಳೇ ಅಂಗಡಿಗಳಲ್ಲಿ, ಹೊಳಲ್ಕೆರೆಯ ಸಂತೆಯಲ್ಲಿ. ಕತ್ತರಿ, ಗರಗಸ, ಸ್ಕ್ರೂಡ್ರೈವರ್, ಚಿಮಟ ಎಲ್ಲ ಒಂದೇ ಹಿಡಿಯೊಳಗೆ ಮಡಚಿಕೊಂಡು ಕೂರುವುದನ್ನು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಕೆಂಪು ಹಿಡಿಯದ್ದು ಗೆಳತಿಯೊಬ್ಬಳು ಹೊರದೇಶದಿಂದ ತಂದುಕೊಟ್ಟದ್ದು. ಬಬ್ಬೂರಿನ ಹತ್ತಿರ ಒಮ್ಮೆ ತೋಟದ ನೈಲಾನ್ ಬಲೆ ಕಾಲಿಗೆ ಬಿಗಿದು ಒದ್ದಾಡುತ್ತಿದ್ದ ಕುರಿಮರಿಯನ್ನು ಬಿಡಿಸಿದ್ದು ಅದರಲ್ಲೇ. ಕುರಿ ಕಾಯುತ್ತಿದ್ದ ಅಜ್ಜಿ, "ನಿನ್ನ ಕೈ ತಣ್ಣಗಿರ್ಲವ್ವ" ಅಂದಿದ್ದಳು.

ಗಂಡನನ್ನು ಕೇಳಿದೆ. "ನಂಗೇನು ಗೊತ್ತು? ತುಕ್ಕು ಹಿಡಿದು ಮುರಿದಿರಬೇಕು" ಅಂದರು. ನಾನು ಪ್ರತಿ ಭಾನುವಾರ ಎಣ್ಣೆ ಹಾಕುವ ಚಾಕುವಿಗೆ ತುಕ್ಕು!

ಆ ವಾರ ಆದಿವಾಲದಲ್ಲಿ ಭಾವನವರ ಮನೆಯಲ್ಲಿ ಊಟವಿತ್ತು. ಭಾವ ಎಂದರೆ ನನ್ನ ಗಂಡನ ಅಣ್ಣ. ಮುದ್ದೆ ಮುರಿಯುತ್ತಾ ತೋಟದ ಮೋಟರಿನ ಕಥೆ ತೆಗೆದರು.

"ಸ್ಟಾರ್ಟರ್ ಬಾಕ್ಸಿನ ಮುಚ್ಚಳ ಕಚ್ಕಂಡು ಕುಂತಿತ್ತು. ನಿನ್ನ ಚಾಕು ಹಾಕಿ ಮೀಟಿದೆ ನೋಡಮ್ಮ, ಪಟ್ ಅಂತ ಮುರೀತು. ಫಾರಿನ್ ಮಾಲು ಅಂತೀಯ, ಏನೂ ದಮ್ಮಿಲ್ಲ."

ನಗುತ್ತಾ ಹೇಳಿದರು. ನಾನು ಕೈಯ ತುತ್ತನ್ನು ತಟ್ಟೆಗೆ ಇಟ್ಟೆ.

"ಅದರಲ್ಲೇ ಸ್ಕ್ರೂಡ್ರೈವರ್ ಐತಲ್ಲ ಭಾವ?"

"ಯಾವುದು ಎಲ್ಲೈತೆ ಅಂತ ಯಾರು ಹುಡುಕ್ತಾರೆ?"

"ನನ್ನ ಬೀರು ತೆಗೆದು ಚಾಕು ಹುಡುಕಕ್ಕೆ ಆಯ್ತು, ಚಾಕುವೊಳಗೆ ಸ್ಕ್ರೂಡ್ರೈವರ್ ಹುಡುಕಕ್ಕೆ ಆಗ್ಲಿಲ್ವಾ?"

ಭಾವ ನನ್ನ ಗಂಡನ ಮುಖ ನೋಡಿದರು. ಆಗ ಗೊತ್ತಾಯಿತು. ಬೀರು ತೆಗೆದವರು ಭಾವ ಅಲ್ಲ.

"ನಾನೇ ಕೊಟ್ಟೆ" ಅಂದರು ಗಂಡ, ತಟ್ಟೆಯಿಂದ ತಲೆ ಎತ್ತದೆ. "ಹೇಳಿದ್ರೆ ರಂಪ ಮಾಡ್ತೀಯ ಅಂತ ಸುಮ್ನಾದೆ."

ಅತ್ತೆ ನಡುವೆ ಬಂದರು. "ಹೋಗ್ಲಿ ಬಿಡಮ್ಮ. ಹೆಣ್ಣುಮಕ್ಕಳಿಗೆ ಮನೇಲಿ ಈಳಿಗೆಮಣೆ ಐತೆ, ಸಾಲ್ದಾ?"

"ಭಾವ ನಿಮ್ಮ ಈಳಿಗೆಮಣೆ ತಗೊಂಡೋಗಿ ಸ್ಟಾರ್ಟರ್ ಬಾಕ್ಸ್ ಮೀಟಿ ಮುರ್ಕೊಂಡು ಬಂದಿದ್ರೆ ಸುಮ್ನಿರ್ತಿದ್ರಾ ಅತ್ತೆ?"

ಓರಗಿತ್ತಿ ಸಾರಿನ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದಳು. ಅವಳ ಭುಜ ನಗುವಿನಿಂದ ಅಲುಗುತ್ತಿತ್ತು.

ನಾನು ಕೈ ತೊಳೆದು ಒಬ್ಬಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಭಾವನದು ಒರಟುತನ, ಅದು ನನಗೆ ಹೊಸದಲ್ಲ. ಆದರೆ ಜೊತೆಗೆ ಮಲಗಿ ಏಳುವ ಮನುಷ್ಯ ಮುರಿದ ಅಲಗನ್ನು ಒರೆಸಿ, ನಾನು ಸುತ್ತುವ ಹಾಗೇ ಸುತ್ತಿಟ್ಟು, ಮೇಲೆ ತುಕ್ಕಿನ ಕಥೆ ಕಟ್ಟಿದ್ದರು. ಇದೇ ಮನುಷ್ಯ ತನ್ನ ಬೈಕನ್ನು ಸ್ವಂತ ಅಣ್ಣನಿಗೂ ಕೊಡುವವರಲ್ಲ.

ಕೆಲವು ದಿನಗಳ ನಂತರ ಭಾವ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಥಳಥಳ ಹೊಳೆಯುವ ಚಾಕುವೊಂದನ್ನು ತಂದರು. "ತಗೊಳಮ್ಮ, ಸಿಟ್ಟು ಬಿಡು."

"ನೀವೇ ಇಟ್ಕಳ್ರಿ ಭಾವ. ಮುಂದಿನ ಸಲ ಇದನ್ನೇ ಮುರೀರಿ."

ಮುಖ ಊದಿಸಿಕೊಂಡು ಹೋದರು. ಗಂಡನಿಗೆ ಆಗ ನಿಜವಾಗಿ ಭಯವಾಗಿರಬೇಕು. ಮರುದಿನ ತಾವಾಗಿಯೇ ದುರ್ಗಕ್ಕೆ ಕರೆದೊಯ್ದರು. ಸಾಣೆ ಹಿಡಿಯುವ ಸಾಬರು ಅಲಗನ್ನು ತಿರುಗಿಸಿ ನೋಡಿ, "ಗಿಡ್ಡ ಆಗ್ತೈತಮ್ಮ. ಆದ್ರೆ ಕೆಲಸಕ್ಕೆ ಬರ್ತೈತೆ. ಮಾಡ್ಲಾ?" ಎಂದು ಕೇಳಿದರು. ಮುಟ್ಟುವ ಮುಂಚೆ ಕೇಳಿದ ಮೊದಲ ಗಂಡಸು ಅವರೇ. ಮಾಡಿ ಅಂದೆ. ಕಿಡಿ ಹಾರುವುದನ್ನು ಇಬ್ಬರೂ ನಿಂತು ನೋಡಿದೆವು.

"ಈಗ ಸಮಾಧಾನ ಆಯ್ತಾ?" ಎಂದರು ಗಂಡ.

"ಇಲ್ಲ" ಅಂದೆ. "ಸುಳ್ಳು ಹೇಳಿದ್ದಕ್ಕೆ ಸಾಣೆ ಹಿಡಿಯೋರು ಯಾರೂ ಇಲ್ಲ."

"ತಪ್ಪಾಯ್ತು" ಅಂದರು. ರಸ್ತೆಯ ಗದ್ದಲದಲ್ಲಿ ಅರ್ಧ ಕೇಳಿಸಿತು. ಇನ್ನೊಮ್ಮೆ ಹೇಳಿಸಿದೆ.

ಈಗ ಉಗುರು ಕತ್ತರಿಸಲು ಆ ಚಾಕುವಿನ ಕತ್ತರಿ ಬೇಕಾದರೂ ಮೊದಲು ನನ್ನನ್ನು ಕೇಳುತ್ತಾರೆ. ಕೇಳುವಾಗ ಅವರ ಹುಬ್ಬು ಗಂಟಾಗುತ್ತದೆ. ಆಗಲಿ.